ಬಿಪಿ ಮಾತ್ರೆಯಿಂದ ಕಾಲು ಊದುತ್ತದೆ ಅಂತ ಅಪ್ಪ ಮಾತ್ರೆ ಬಿಟ್ಟಿದ್ದಾರೆ. ಮತ್ತೆ ಶುರು ಮಾಡಿಸುವುದು ಹೇಗೆ?

ನಿಮ್ಮ ತಂದೆ ಆಮ್ಲೊಡಿಪಿನ್ ತಗೊಳ್ಳುತ್ತಿದ್ದರು, ಪಾದ ಊದಿತು, ಬಿಟ್ಟು ಎರಡು ವಾರ ಆಯಿತು, ಈಗ "ಆರಾಮಾಗಿದ್ದೀನಿ" ಅನ್ನುತ್ತಾರೆ ಅಂತ ಬರೆದಿದ್ದೀರಿ. ಮೊದಲು ಅವರ ಮಾತು ನಂಬಿ. ಆ ಮಾತ್ರೆಯಿಂದ ಕಾಲು ಊದುವುದು ನಿಜ. "ಸುಮ್ನೆ ನೆಪ ಹೇಳ್ಬೇಡಿ" ಅಂತ ಮಾತ್ರ ಅನ್ನಬೇಡಿ. ನಾನೂ ಹೀಗೇ ಮಾತ್ರೆ ಬಿಟ್ಟವನು.

ನಾನು ಕುಂದಾಪುರ ಕಡೆಯವನು. ಮನೆ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಕೆಲಸ ಮುಂಬೈಯ ಮಾಟುಂಗಾದ ಒಂದು ಹೋಟೆಲಿನ ಗಲ್ಲಾದಲ್ಲಿ. 5 ಮಿಲಿಗ್ರಾಂ ತಗೊಳ್ಳುವಾಗ ಏನೂ ಆಗಿರಲಿಲ್ಲ. 10 ಮಾಡಿದ ಮೇಲೆ ಶುರುವಾಯಿತು. ರಾತ್ರಿ ಲೋಕಲ್‌ನಿಂದ ಇಳಿದು ಬ್ರಿಜ್ ಹತ್ತುವಾಗ ಚಪ್ಪಲಿ ಪಟ್ಟಿ ಪಾದದೊಳಗೆ ಹೂತುಹೋಗಿರುತ್ತಿತ್ತು. ದಿನವಿಡೀ ಕಾಲು ಇಳಿಬಿಟ್ಟು ಕೂತಿದ್ದಕ್ಕೆ ಅಂದುಕೊಂಡೆ. ಒಂದು ರಾತ್ರಿ ಹೆಂಡತಿ "ಕಾಲ್ ಕಾಣಿ ಒಂದ್ಸಲ" ಅಂತ ಹೆಬ್ಬೆರಳಿನಿಂದ ಒತ್ತಿದಳು. ಒತ್ತಿದ ಜಾಗ ಹಾಗೇ ಗುಳಿ ಬಿದ್ದಿತ್ತು. ಕಿಡ್ನಿ ಹೋಯಿತು ಅಂತಲೇ ಹೆದರಿದೆ. ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದೆ. ಊತ ಇಳಿಯಿತು. ಮಷೀನಿನಲ್ಲಿ ಬಿಪಿಯೂ ಚೆನ್ನಾಗಿಯೇ ಇತ್ತು.

ನಾನು ಮೋಸ ಹೋಗಿದ್ದು ಇಲ್ಲೇ. ಆಮ್ಲೊಡಿಪಿನ್ ಮೈಯಿಂದ ಬಹಳ ನಿಧಾನವಾಗಿ ಇಳಿಯುತ್ತದೆ, ಅರ್ಧ ಇಳಿಯಲಿಕ್ಕೇ 30ರಿಂದ 50 ಗಂಟೆ ಬೇಕು. ಬಿಟ್ಟ ಮೊದಲ ಕೆಲವು ದಿನ ಕಾಣುವ ಒಳ್ಳೆಯ ಬಿಪಿ ಆ ಹಳೆಯ ಮಾತ್ರೆಯದೇ. ಆಮೇಲೆ ಏರಿದರೂ ನಮಗೆ ಗೊತ್ತಾಗುವುದಿಲ್ಲ, ನೋವಿಲ್ಲ ನೋಡಿ.

ಮುಂದಿನ ತಿಂಗಳು ಡಾಕ್ಟರ ಹತ್ತಿರ 172/104 ಬಂತು. "ಮಾತ್ರೆ ತಗೋತಾ ಇದ್ದೀರಲ್ವಾ?" ಅಂದರು. ತಲೆಯಾಡಿಸಿದೆ. ಅವರು ನಂಬಿ, ಇನ್ನೊಂದು ಮಾತ್ರೆ ಸೇರಿಸಿ ಬರೆಯಲು ಶುರು ಮಾಡಿದರು. ಹೆಂಡತಿಗೆ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟಳು. ಡಾಕ್ಟರ್ ಪೆನ್ನು ಕೆಳಗಿಟ್ಟು "ಕಾಕಾ, ಆಧೀ ಸಾಂಗಾಯ್ಚಂ ನಾ" ಅಂದರು, ಮೊದಲೇ ಹೇಳಬಾರದಿತ್ತಾ ಅಂತ. ಬೈಯಲಿಲ್ಲ. ರಕ್ತ, ಮೂತ್ರ ಪರೀಕ್ಷೆ ಮಾಡಿಸಿದರು, ಕಿಡ್ನಿ ಸರಿಯಾಗಿತ್ತು.

ಅವರು ಹೇಳಿದ ಕಾರಣ ಇಷ್ಟು. ಈ ಮಾತ್ರೆ ರಕ್ತ ತರುವ ಸಣ್ಣ ನಾಳಗಳನ್ನು ಅಗಲ ಮಾಡುತ್ತದೆ, ವಾಪಸ್ ಒಯ್ಯುವ ನಾಳಗಳನ್ನು ಅಷ್ಟು ಮಾಡುವುದಿಲ್ಲ. ಮಳೆಗಾಲದಲ್ಲಿ ಮುಂಬೈಯ ತಗ್ಗು ಜಾಗ ಹಿಂದ್‌ಮಾತಾದಲ್ಲಿ ನೀರು ನಿಲ್ಲುವ ಹಾಗೆ ಪಾದದಲ್ಲಿ ನೀರು ನಿಲ್ಲುತ್ತದೆ. ಡೋಸ್ ಜಾಸ್ತಿಯಾದಷ್ಟೂ ಊತ ಜಾಸ್ತಿ. ಇದಕ್ಕೆ ಮೂತ್ರ ಹೋಗುವ ಮಾತ್ರೆ ಕೊಟ್ಟರೂ ಹೆಚ್ಚು ಪ್ರಯೋಜನವಿಲ್ಲ. ನನಗೆ ಮತ್ತೆ 5ಕ್ಕೆ ಇಳಿಸಿ, ಜೊತೆಗೆ ಟೆಲ್ಮಿಸಾರ್ಟನ್ 40 ಅನ್ನುವ ಬೇರೆ ಬಗೆಯ ಬಿಪಿ ಮಾತ್ರೆ ಕೊಟ್ಟರು. ಅದು ವಾಪಸ್ ಹೋಗುವ ದಾರಿಯನ್ನೂ ಸಡಿಲ ಮಾಡುತ್ತದಂತೆ. ಈಗ ಚಪ್ಪಲಿ ಗುರುತು ಬೀಳುವುದಿಲ್ಲ, ಬಿಪಿ 130ರ ಆಸುಪಾಸು. ನಿಮ್ಮ ತಂದೆಗೆ ಯಾವುದು ಹೊಂದುತ್ತದೆ ಅಂತ ಅವರ ಡಾಕ್ಟರೇ ಹೇಳಬೇಕು, ನನ್ನ ಚೀಟಿ ನೋಡಿ ತಗೋಬೇಡಿ.

ಮುಲುಂಡಿನ ನಮ್ಮಕ್ಕನದು ಬೇರೆ ಕತೆ. ರಾಮಿಪ್ರಿಲ್ ಅನ್ನುವ ಬಿಪಿ ಮಾತ್ರೆ ತಗೊಂಡು ಒಣ ಕೆಮ್ಮು. ಎರಡು ತಿಂಗಳು ಕಷಾಯ, ಸಿರಪ್ ಅಂತ ಕುಡಿದಳು. ಹೆಸರಿನ ಕೊನೆಗೆ "ಪ್ರಿಲ್" ಇರುವ ಮಾತ್ರೆಗಳಿಂದ ಕೆಲವರಿಗೆ ಹೀಗಾಗುತ್ತದೆ. ಬದಲಿಸಿದ ಮೇಲೆ ಕೆಲವು ವಾರಗಳಲ್ಲಿ ನಿಂತಿತು.

ಹಾಗಾಗಿ ಅಪ್ಪನ ಹತ್ತಿರ "ಮಾತ್ರೆ ತಗೊಳ್ಳಿ" ಅಂತ ಜಗಳ ಬೇಡ. "ಡಾಕ್ಟರಿಗೆ ಕಾಲು ತೋರಿಸಿ ಮಾತ್ರೆ ಬದಲಿಸೋಣ" ಅನ್ನಿ. ನನಗೆ ಯಾರಾದರೂ ಹಾಗಂದಿದ್ದರೆ ಅವತ್ತೇ ಹೊರಡುತ್ತಿದ್ದೆ. ಹೋಗುವ ಮೊದಲು ಮನೆಯಲ್ಲೇ ಬೆಳಿಗ್ಗೆ, ಸಂಜೆ ಬಿಪಿ ನೋಡಿ ಬರೆದಿಡಿ. ಐದು ನಿಮಿಷ ಒರಗಿ ಸುಮ್ಮನೆ ಕೂತಿರಬೇಕು, ಕೈ ಎದೆಯ ಮಟ್ಟಕ್ಕಿರಬೇಕು. ಆ ಅಂಕಿ ಅವರೇ ಬರೆಯಲಿ. ಊದಿದ್ದಾಗಿನ ಫೋಟೋ ಇದ್ದರೆ ಅದನ್ನೂ, ಉಳಿದ ಮಾತ್ರೆ ಪಟ್ಟಿಯನ್ನೂ ತಗೊಂಡು ಹೋಗಿ. ಎರಡು ವಾರದಿಂದ ಬಿಟ್ಟಿದ್ದನ್ನು ಬಾಯಿಬಿಟ್ಟು ಹೇಳಿಸಿ. ಒಂದೇ ಕಾಲು ಊದಿ ನೋವಿದ್ದರೆ, ಉಸಿರು ಕಟ್ಟಿದರೆ, ಬಿಪಿ 180/120 ದಾಟಿದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.