ಬ್ರೌನ್ ಬ್ಯಾಗ್‌ನಿಂದ ರೆಡ್‌ಲೈನಿಂಗ್‌ವರೆಗೆ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಅಮೆರಿಕಕ್ಕೆ ಬಂದು ಸ್ವಲ್ಪ ದಿನವಾಯಿತು, ಕೆಲಸದ ಇಂಗ್ಲಿಷ್ ಅರ್ಥವಾಗುತ್ತದೆ, ಆದರೆ ಮಾತಿನ ನಡುವೆ ಬಣ್ಣದ ಹೆಸರು ಬಂದರೆ ದಿಕ್ಕೇ ತೋಚುವುದಿಲ್ಲ ಎಂದು ಬರೆದಿದ್ದೀರಿ. ಬ್ರೌನ್ ಬ್ಯಾಗ್, ವೈಟ್ ಎಲಿಫೆಂಟ್, ಪಿಂಕ್ ಸ್ಲಿಪ್... ಇವನ್ನೆಲ್ಲ ಬಾಯಿಪಾಠ ಮಾಡಬೇಕಾ ಎಂದು ಕೇಳಿದ್ದೀರಿ.

ಬೇಡ. ಒಂದೊಂದು ಮಾತು ಎಲ್ಲಿಂದ ಬಂತು ಅಂತ ತಿಳಿದುಕೊಳ್ಳಿ, ಅರ್ಥ ತಾನಾಗಿಯೇ ನೆನಪಿರುತ್ತದೆ. ಯಾವುದನ್ನು ನಾವೂ ಆಡಬಹುದು, ಯಾವುದನ್ನು ಕೇಳಿಸಿಕೊಂಡು ಬಿಟ್ಟರೆ ಸಾಕು ಅನ್ನುವುದೂ ಗೊತ್ತಾಗುತ್ತದೆ. ಇಷ್ಟು ವರ್ಷ ಇಲ್ಲಿದ್ದು ನೋಡಿದ ಮೇಲೆ ನನಗೆ ಈ ಎರಡನೆಯದೇ ಮುಖ್ಯ ಅನಿಸಿದೆ.

ಬ್ರೌನ್ ಬ್ಯಾಗ್ ಅಂದರೆ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ನಡೆಯುವ ಮೀಟಿಂಗ್. ಊಟ ನಿಮ್ಮದೇ. ಮೊದಲೆಲ್ಲ ಜನ ಕಂದು ಬಣ್ಣದ ಕಾಗದದ ಚೀಲದಲ್ಲಿ ಸ್ಯಾಂಡ್‌ವಿಚ್ ತರುತ್ತಿದ್ದರು, ಅದರಿಂದ ಈ ಹೆಸರು. ನೀವು ಚಿತ್ರಾನ್ನದ ಡಬ್ಬಿ ತೆಗೆದುಕೊಂಡು ಹೋಗಿ, ಏನೂ ತೊಂದರೆಯಿಲ್ಲ. ಆದರೆ ಈ ಚೀಲಕ್ಕೆ ಇನ್ನೊಂದು ಕಥೆಯೂ ಇದೆ. ಹಿಂದೆ ಕೆಲವು ಕ್ಲಬ್ಬು, ಪಾರ್ಟಿಗಳ ಬಾಗಿಲಲ್ಲಿ ಕರಿಯರ ಮೈಬಣ್ಣವನ್ನು ಇಂಥ ಚೀಲದ ಪಕ್ಕದಲ್ಲಿಟ್ಟು ನೋಡುತ್ತಿದ್ದರು. ಚೀಲಕ್ಕಿಂತ ಕಪ್ಪಾಗಿದ್ದವರನ್ನು ಒಳಗೆ ಬಿಡುತ್ತಿರಲಿಲ್ಲ. ಇದೇ ಕಾರಣಕ್ಕೆ 2013ರಲ್ಲಿ ಸಿಯಾಟಲ್ ನಗರದ ನಾಗರಿಕ ಹಕ್ಕುಗಳ ಕಚೇರಿ ಈ ಪದ ಬೇಡ ಎಂದು ನೌಕರರಿಗೆ ಸಲಹೆ ಕೊಟ್ಟಿತ್ತು. ಆದರೂ ಎಷ್ಟೋ ಆಫೀಸುಗಳಲ್ಲಿ ಇಂದಿಗೂ ಬಳಕೆಯಲ್ಲಿದೆ.

ವೈಟ್ ಎಲಿಫೆಂಟ್ ನಮಗೂ ಗೊತ್ತು. ಸಾಕುವುದೇ ಕಷ್ಟವಾಗುವಂಥದ್ದನ್ನು ಪತ್ರಿಕೆಗಳು ಬಿಳಿಯಾನೆ ಅಂತ ಬರೆಯುತ್ತವಲ್ವಾ, ಅದೇ. ಸಯಾಮಿನ (ಈಗಿನ ಥೈಲ್ಯಾಂಡ್) ರಾಜರು ಪವಿತ್ರವೆಂದು ಸಾಕುತ್ತಿದ್ದ ಆನೆಗಳಿಂದ ಬಂದ ಮಾತು. ಇಲ್ಲಿ ಡಿಸೆಂಬರಿನಲ್ಲಿ ಇದೇ ಹೆಸರಿನ ಉಡುಗೊರೆ ಆಟ ಇರುತ್ತದೆ. ಬೆಳ್ಳಿ ದೀಪ, ರೇಷ್ಮೆ ಶಾಲು ಎಲ್ಲ ಒಯ್ಯಬೇಡಿ. ಇಮೇಲಿನಲ್ಲಿ ಎಷ್ಟು ಡಾಲರ್ ಮಿತಿ ಅಂತ ಬರೆದಿರುತ್ತಾರೋ ಅದರೊಳಗೆ ಏನಾದರೂ ತಮಾಷೆಯ ವಸ್ತು ಕೊಟ್ಟರೆ ಆಯಿತು.

ರೆಡ್ ಐ ಅಂದರೆ ರಾತ್ರಿಯಿಡೀ ಹಾರಿ ಬೆಳಿಗ್ಗೆ ಕೆಂಗಣ್ಣಿನಲ್ಲಿ ಇಳಿಸುವ ವಿಮಾನ. ಇನ್ ದ ರೆಡ್ ಅಂದರೆ ನಷ್ಟ, ಇನ್ ದ ಬ್ಲ್ಯಾಕ್ ಅಂದರೆ ಲಾಭ, ಲೆಕ್ಕದ ಪುಸ್ತಕದ ಶಾಯಿಯಿಂದ ಬಂದದ್ದು. ಅಂಗಡಿಗಳ ದೊಡ್ಡ ರಿಯಾಯಿತಿ ಮಾರಾಟದ ದಿನವಾದ ಬ್ಲ್ಯಾಕ್ ಫ್ರೈಡೇಗೂ ಈ ಶಾಯಿಯೇ ಮೂಲ ಅಂತ ಬಹಳ ಜನ ಹೇಳುತ್ತಾರೆ, ಅದು ಆಮೇಲೆ ಕಟ್ಟಿದ ಕಥೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೆಯ ದಿನದ ನೂಕುನುಗ್ಗಲು, ಟ್ರಾಫಿಕ್ಕಿಗೆ ಬೇಸತ್ತ ಫಿಲಡೆಲ್ಫಿಯಾ ಪೊಲೀಸರು ಆ ದಿನವನ್ನು ಹಾಗೆ ಕರೆಯುತ್ತಿದ್ದರು.

ಪಿಂಕ್ ಸ್ಲಿಪ್ ಕೆಲಸದಿಂದ ತೆಗೆದ ನೋಟೀಸು. ಈಗ ಗುಲಾಬಿ ಚೀಟಿ ಯಾರೂ ಕೊಡುವುದಿಲ್ಲ. ಎಚ್‌ಆರ್ ಜೊತೆ ಹದಿನೈದು ನಿಮಿಷದ ಕರೆಯೊಂದು ಕ್ಯಾಲೆಂಡರಿನಲ್ಲಿ ಬಂದು ಕೂರುತ್ತದೆ. ಈ ಮಾತು ನಿಮ್ಮ ಸುತ್ತ ಜಾಸ್ತಿ ಕೇಳಿಬಂದರೆ ಸುಮ್ನೆ ಗಾಳಿಮಾತು ಅಂತ ತಳ್ಳಿಹಾಕಬೇಡಿ. ಎಚ್-1ಬಿ ಎಂಬ ಕೆಲಸದ ವೀಸಾದವರಿಗೆ ಕೆಲಸ ಹೋದರೆ ಹೆಚ್ಚೆಂದರೆ 60 ದಿನದ ಅವಕಾಶ. ಅಷ್ಟರಲ್ಲಿ ಬೇರೆ ಕಂಪನಿ ನಿಮ್ಮ ಅರ್ಜಿ ಹಾಕಬೇಕು, ಇಲ್ಲವೇ ಬೇರೆ ದಾರಿ ನೋಡಿಕೊಳ್ಳಬೇಕು. ರೆಸ್ಯೂಮೆ, ಸಂಬಳದ ಚೀಟಿಗಳು, ವೀಸಾ ಕಾಗದಗಳು ಯಾವಾಗಲೂ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಬ್ಲ್ಯಾಕ್‌ಲಿಸ್ಟ್, ಅಂದರೆ ಬೇಡವೆಂದು ತಡೆದವರ ಪಟ್ಟಿ, ಅದರ ವಿಷಯವನ್ನೂ ಕೇಳಿದ್ದೀರಿ. ಒಳಗೆ ಬಿಡಬಹುದಾದವರ ಪಟ್ಟಿಗೆ ವೈಟ್‌ಲಿಸ್ಟ್ ಅನ್ನುತ್ತಾರೆ. ಆ ಪದ ಹುಟ್ಟಿದ್ದು ಜನರ ಮೈಬಣ್ಣದಿಂದ ಅಲ್ಲ. ಹಾಗಿದ್ದರೂ 2020ರಲ್ಲಿ ಪೊಲೀಸರ ಕೈಯಲ್ಲಿ ಕರಿಯ ವ್ಯಕ್ತಿ ಜಾರ್ಜ್ ಫ್ಲಾಯ್ಡ್ ಹತ್ಯೆಯಾದ ನಂತರ ಎಷ್ಟೋ ಸಾಫ್ಟ್‌ವೇರ್ ತಂಡಗಳು ಇವೆರಡನ್ನೂ ಬಿಟ್ಟು ಬ್ಲಾಕ್‌ಲಿಸ್ಟ್ (ಬ್ಲಾಕ್ ಅಂದರೆ ತಡೆ), ಅಲೋಲಿಸ್ಟ್ (ಅಲೋ ಅಂದರೆ ಬಿಡು) ಅನ್ನತೊಡಗಿದವು. ಮೂಲ ಏನೇ ಇರಲಿ, ಕರಿದು ಅಂದರೆ ಕೆಟ್ಟದ್ದು, ಬಿಳಿದು ಅಂದರೆ ಒಳ್ಳೆಯದು ಅನ್ನುವ ಮಾತನ್ನು ದಿನವಿಡೀ ಕೇಳುವುದು ಪಕ್ಕದಲ್ಲಿ ಕೂತವರಿಗೆ ಹೇಗಿರಬಹುದು ಅಂತ ಯೋಚಿಸಿ. ನಾನಂತೂ ಹೊಸ ಪದವನ್ನೇ ಬಳಸುತ್ತೇನೆ.

ಇನ್ನು ರೆಡ್‌ಲೈನಿಂಗ್, ಅಂದರೆ ಬಡಾವಣೆಯನ್ನೂ ಅಲ್ಲಿಯ ಜನರನ್ನೂ ನೋಡಿ ಮನೆ ಸಾಲ ನಿರಾಕರಿಸುವುದು. ಮನೆ ಕೊಳ್ಳುವ ಮಾತು ಬಂದಾಗ ಇದು ಕಿವಿಗೆ ಬಿದ್ದೇ ಬೀಳುತ್ತದೆ. ಇದೊಂದನ್ನು ಮಾತ್ರ ದಯವಿಟ್ಟು ಸರಿಯಾಗಿ ತಿಳಿದುಕೊಳ್ಳಿ. 1930ರ ದಶಕದಲ್ಲಿ ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್ ಎಂಬ ಕೇಂದ್ರ ಸರಕಾರದ ಸಂಸ್ಥೆ 200ಕ್ಕೂ ಹೆಚ್ಚು ನಗರಗಳ ನಕ್ಷೆ ಮಾಡಿಸಿ, ಸಾಲ ಕೊಡಲು ಯಾವ ಬಡಾವಣೆ ಎಷ್ಟು ಭದ್ರ ಎಂದು ಬಣ್ಣ ಬಳಿಸಿತು. ಹಸಿರು ಅತ್ಯುತ್ತಮ, ನೀಲಿ ಅಡ್ಡಿಯಿಲ್ಲ, ಹಳದಿ ಇಳಿಮುಖ, ಕೆಂಪು ಅಪಾಯಕಾರಿ. ಕರಿಯರ ಬಡಾವಣೆಗಳೆಲ್ಲ ಹೆಚ್ಚುಕಡಿಮೆ ಕೆಂಪೇ. ರಿಚ್ಮಂಡ್ ವಿಶ್ವವಿದ್ಯಾಲಯ ಈ ನಕ್ಷೆಗಳನ್ನು ಇಂಟರ್ನೆಟ್ಟಿನಲ್ಲಿ ಹಾಕಿದೆ. ನಿಮ್ಮ ನಗರದ್ದು ಇದ್ದರೆ ತೆರೆದು ನೋಡಿ. ಎಷ್ಟೋ ನಗರಗಳಲ್ಲಿ ಪ್ರತಿ ಬಡಾವಣೆಗೂ ಒಂದು ಟೈಪು ಮಾಡಿದ ಫಾರಂ ಇದೆ. ಮನೆಗಳ ವಯಸ್ಸು, ಬಾಡಿಗೆ, ಜನರ ಕಸುಬು ಎಲ್ಲ ತುಂಬಿದ ಅದೇ ಫಾರಂನಲ್ಲಿ ಕರಿಯರು ಇದ್ದಾರಾ, ಎಷ್ಟು ಅನ್ನುವುದಕ್ಕೂ ಒಂದು ಜಾಗ. ಹೊರದೇಶದಲ್ಲಿ ಹುಟ್ಟಿದ ಕುಟುಂಬಗಳು ಶೇಕಡಾ ಎಷ್ಟು, ಯಾವ ದೇಶದವರು ಅನ್ನುವುದಕ್ಕೂ ಒಂದು ಜಾಗ. ಅಂದರೆ ನಮ್ಮ ಹಾಗೆ ಬೇರೆ ದೇಶದಿಂದ ಬಂದವರನ್ನೂ ಆಗ ಲೆಕ್ಕ ಹಾಕಿ ಬರೆದಿಡುತ್ತಿದ್ದರು. ಅದನ್ನು ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಸಾಲಕ್ಕೆ ವಿಮೆ ಕೊಡುವ ಸರಕಾರಿ ಇಲಾಖೆಯೂ ಕರಿಯರ ಬಡಾವಣೆಗಳನ್ನು ದೂರವೇ ಇಟ್ಟಿತು. ತಲೆಮಾರುಗಳ ಕಾಲ ಅಲ್ಲಿಯವರಿಗೆ ಸ್ವಂತ ಮನೆಯ ಆಸ್ತಿ ಕೂಡಿಬರಲಿಲ್ಲ. 1968ರ ಫೇರ್ ಹೌಸಿಂಗ್ ಕಾಯ್ದೆ ಇಂಥ ಭೇದಭಾವವನ್ನು ನಿಷೇಧಿಸಿತು. ಅದಕ್ಕೇ ಇಲ್ಲಿ ಮನೆ ಹುಡುಕುವಾಗ ಏಜೆಂಟರನ್ನು ‘ಈ ಏರಿಯಾದಲ್ಲಿ ಎಂಥ ಜನ ಇದ್ದಾರೆ? ಇಂಡಿಯನ್ಸ್ ಇದ್ದಾರಾ?’ ಅಂತ ಕೇಳಿದರೆ ಅವರು ಉತ್ತರ ಕೊಡುವುದಿಲ್ಲ. ಅದು ಸೊಕ್ಕಲ್ಲ. ಜನಾಂಗ ನೋಡಿ ಗಿರಾಕಿಯನ್ನು ಒಂದು ಬಡಾವಣೆಯ ಕಡೆ ತಿರುಗಿಸಿದರೆ ಕಾನೂನಿನ ಪ್ರಕಾರ ಅವರೇ ಸಿಕ್ಕಿಬೀಳುತ್ತಾರೆ. ಶಾಲೆ, ಆಫೀಸಿನ ದೂರ, ತೆರಿಗೆ, ಮಳೆ ಬಂದರೆ ನೆಲಮಾಳಿಗೆಗೆ ನೀರು ನುಗ್ಗುತ್ತದಾ, ಇವನ್ನು ಏಜೆಂಟರ ಹತ್ತಿರ ಕೇಳಿ. ಉಳಿದದ್ದನ್ನು ಸಂಜೆ ಹೊತ್ತು ಆ ಬೀದಿಯಲ್ಲಿ ನಡೆದು ಅಲ್ಲಿಯವರನ್ನೇ ಮಾತಾಡಿಸಿ ತಿಳಿದುಕೊಳ್ಳಿ.