ಮಂಚ ಬಿಟ್ಟಿಳಿಯದ ನಾಯಿ

ಪ್ರಶ್ನೆ: ಬೀದಿಯಿಂದ ತಂದು ಸಾಕಿದ ಎರಡು ವರ್ಷದ ಹೆಣ್ಣುನಾಯಿ ನಮ್ಮದು. ಹಗಲೆಲ್ಲ ಕಾಲಿಗೇ ಸುತ್ತಿಕೊಂಡಿರುತ್ತದೆ, ರಾತ್ರಿ ನಮ್ಮ ಮಂಚವೇ ಬೇಕು. ಮೂರು ತಿಂಗಳಲ್ಲಿ ಮನೆಗೆ ಕೂಸು ಬರಲಿದೆ. ಹಾಲ್‌ನಲ್ಲಿ ಬಿಟ್ಟು ಬಾಗಿಲು ಹಾಕಿದರೆ ಕೆರೆದು ಕೆರೆದು ಅಳುತ್ತದೆ, ಪಕ್ಕದ ಫ್ಲ್ಯಾಟಿನವರಿಗೂ ನಿದ್ದೆಯಿಲ್ಲ. ಏನು ಮಾಡುವುದು?
– ಓದುಗರು, ಬನಶಂಕರಿ, ಬೆಂಗಳೂರು

ಉತ್ತರ: ಮೊದಲು ಬಾಗಿಲು ಹಾಕುವುದನ್ನು ಬಿಡಿ. ಒಂದೇ ರಾತ್ರಿಗೆ ಮಂಚದಿಂದ ಹಾಲ್‌ಗೆ ಕಳಿಸಿದರೆ ಅದು ಗಾಬರಿ ಬೀಳುತ್ತದೆಯೇ ಹೊರತು ಏನೂ ಕಲಿಯುವುದಿಲ್ಲ. ಸರಿಸಬೇಕಾದ್ದು ನಾಯಿಯನ್ನಲ್ಲ, ಅದರ ಹಾಸಿಗೆಯನ್ನು.

ಹಳೇ ರಗ್ಗನ್ನು ನಾಲ್ಕು ಮಡಿಕೆ ಮಾಡಿ, ಮೇಲೆ ನೀವು ಉಟ್ಟು ಒಗೆಯದ ಹತ್ತಿ ಸೀರೆಯನ್ನೋ ಪಂಚೆಯನ್ನೋ ಹಾಸಿ. ಡಿಸೆಂಬರ್-ಜನವರಿಯಲ್ಲಿ ನಮ್ಮ ಟೈಲ್ಸ್ ನೆಲ ಕೊರೆಯುತ್ತದೆ, ತೆಳು ಚಾಪೆ ಸಾಲದು.

ಮೊದಲ ವಾರ ಹಗಲಿನ ಅಭ್ಯಾಸ ಮಾತ್ರ. ದಿನಕ್ಕೆ ಮೂರು ಸಲ, ಐದೈದು ನಿಮಿಷ. ಅದು ಹಾಸಿಗೆಯ ಮೇಲೆ ಕೂತಾಗ ಕಡಲೆಕಾಳಿನಷ್ಟು ಬೇಯಿಸಿದ ಕೋಳಿಚೂರನ್ನು ಕೈಯಿಂದ ತಿನ್ನಿಸದೆ ಮುಂಗಾಲುಗಳ ನಡುವೆ ಇಡಿ. ರುಚಿ ಸಿಗುವುದು ಆ ಜಾಗದಲ್ಲಿ ಎಂದು ಅದಕ್ಕೆ ತಿಳಿಯಬೇಕು. ಎದೆಯೂರಿ, ತಲೆಯೆತ್ತಿ, ಎರಡೂ ಹಿಂಗಾಲು ಮಡಚಿಕೊಂಡಿದ್ದರೆ ಅದು ನಿಮ್ಮ ಹಿಂದೆ ಏಳಲು ಕಾಯುತ್ತಿದೆ. ಸೊಂಟ ಒಂದು ಪಕ್ಕಕ್ಕೆ ವಾಲಿ, ಗದ್ದ ನೆಲಕ್ಕೆ ತಾಗಿದರೆ ನಿರಾಳವಾಗಿದೆ. ಆಗ ಒಂದು ಹೆಜ್ಜೆ ದೂರ ಹೋಗಿ, ಅದು ಏಳುವ ಮೊದಲೇ ವಾಪಸ್ ಬನ್ನಿ.

ಎರಡನೇ ವಾರದಿಂದ ರಾತ್ರಿ ಆ ಹಾಸಿಗೆ ಮಂಚದ ಪಕ್ಕ, ನಿಮ್ಮ ಕೈಗೆಟುಕುವಷ್ಟು ಹತ್ತಿರ ಇರಲಿ. ಮೂರು ರಾತ್ರಿ ನೆಮ್ಮದಿಯಾಗಿ ಮಲಗಿದರೆ ಬಾಗಿಲ ಕಡೆಗೆ ಒಂದಡಿ ಸರಿಸಿ. ಕಷ್ಟವಾಗುವುದು ಹೊಸ್ತಿಲಲ್ಲಿ, ಅಲ್ಲಿ ಒಂದು ವಾರವಾದರೂ ನಿಲ್ಲಿ. ಹೊಸ್ತಿಲು ದಾಟಿದ ಮೇಲೂ ಬಾಗಿಲು ಮುಚ್ಚದೆ, ನೀವು ಕಾಣುವಂತೆ ಅಡ್ಡಗೇಟು ಹಾಕಿ.

ಮಂಚ ಹತ್ತಿದರೆ ಬೈಯಬೇಡಿ, ಮುದ್ದಿಸಲೂಬೇಡಿ, ಮಾತಿಲ್ಲದೆ ಇಳಿಸಿ. ಹತ್ತು ಸಲ ಇಳಿಸಿ ಹನ್ನೊಂದನೇ ಸಲ ಸೋತರೆ ಅದು ಕಲಿಯುವುದು ಹನ್ನೊಂದು ಸಲ ಹತ್ತುವುದನ್ನು. ಹೆಚ್ಚಿನ ಮನೆಗಳಲ್ಲಿ ಕೆಡುವುದು ಇಲ್ಲೇ.

ನಾಯಿಯ ರಾತ್ರಿಯೂಟ ಏಳೂವರೆಗೆ ಮುಗಿಯಲಿ. ಹತ್ತಕ್ಕೆ ಬೆಲ್ಟಿನ ಹಗ್ಗ ಸಡಿಲ ಬಿಟ್ಟು ಇಪ್ಪತ್ತು ನಿಮಿಷ ಮೂಸಿಕೊಂಡು ಓಡಾಡಲಿ, ಉಚ್ಚೆ ಹೊಯ್ದು ಬರಲಿ. ಆಮೇಲೆ ಚೆಂಡಾಟ ಬೇಡ.

ಒಂದೆರಡು ನಿಮಿಷ ಕುಂಯ್‌ಗುಟ್ಟಿದರೆ ಸುಮ್ಮನಿರಿ. ಏದುಸಿರು, ಜೊಲ್ಲು, ಕೆರೆತ ಶುರುವಾದರೆ ಹಾಸಿಗೆಯನ್ನು ಹಿಂದಿನ ಜಾಗಕ್ಕೇ ತನ್ನಿ. ಈ ಅಂಟಿಕೊಳ್ಳುವಿಕೆ ಇತ್ತೀಚೆಗೆ ದಿಢೀರನೆ ಬಂದದ್ದಾದರೆ ಮೊದಲು ಪಶುವೈದ್ಯರಿಗೆ ತೋರಿಸಿ. ಉಣ್ಣೆಹುಳು ಕಚ್ಚಿ ಬರುವ ಜ್ವರ, ಕಿವಿನೋವು, ಕೀಲುನೋವು ಇದ್ದಾಗಲೂ ನಾಯಿ ಹೀಗೇ ಅಂಟಿಕೊಳ್ಳುತ್ತದೆ. ನಡುವೆ ದೀಪಾವಳಿ ಬಂದರೆ ಪಟಾಕಿ ನಿಲ್ಲುವವರೆಗೆ ಹಾಸಿಗೆ ನಿಮ್ಮ ಮಂಚದ ಪಕ್ಕದಲ್ಲೇ ಇರಲಿ.