ಕಾದಂಬರಿ ಓದಿ ವಸಾಹತು ಕಾಲದ ವ್ಯಾಪಾರ, ವಲಸೆಯ ಇತಿಹಾಸ ತಿಳಿಯಬಹುದೇ?

ಖಂಡಿತ ತಿಳಿಯಬಹುದು. ಅಫೀಮು ವ್ಯಾಪಾರ ನನಗೆ ಸರಿಯಾಗಿ ಅರ್ಥವಾಗಿದ್ದೇ ಅಮಿತಾವ್ ಘೋಷ್ ಅವರ 'ಸೀ ಆಫ್ ಪಾಪೀಸ್' (2008) ಓದಿದ ಮೇಲೆ.

ಶಾಲೆಯಲ್ಲಿ ಅಫೀಮು ಯುದ್ಧ ಚೀನಾದ ಪಾಠದಲ್ಲಿತ್ತು. ಮಾರಿಷಸ್‌ಗೆ ಹೋದ ಕೂಲಿಗಳದ್ದು ಬೇರೆಲ್ಲೋ ಎರಡು ಸಾಲು. ಈ ಕಾದಂಬರಿಯಲ್ಲಿ ಎರಡೂ ಒಂದೇ ಮನೆಯ ಕಥೆ. ದೀತಿ ಈಗಿನ ಉತ್ತರ ಪ್ರದೇಶದ ಗಾಜಿಪುರದ ಹತ್ತಿರದ ಹಳ್ಳಿಯವಳು. ಗಂಡ ಅಫೀಮು ಕಾರ್ಖಾನೆಯಲ್ಲಿ ಕೆಲಸಗಾರ, ಅದೇ ಅಫೀಮಿನ ಚಟಕ್ಕೆ ಬಿದ್ದವನು. ಮನೆಯ ಸೂರಿಗೆ ಹೊಸದಾಗಿ ಹುಲ್ಲು ಹೊದಿಸಬೇಕು, ಆದರೆ ಹುಲ್ಲೇ ಇಲ್ಲ. ಯಾಕೆಂದರೆ ಗೋಧಿ ಬೆಳೆಯುತ್ತಿದ್ದ ಹೊಲದಲ್ಲೆಲ್ಲ ಈಗ ಅಫೀಮು ತೆಗೆಯುವ ಗಸಗಸೆ ಗಿಡ.

ಇದನ್ನು ಓದಿದಾಗ ನನಗೆ ತುಂಬಾ ಸಂಕಟವಾಯಿತು. ಮನೆಗೆ ಬೇಕಾದ್ದನ್ನು ಬಿಟ್ಟು ರೈತರು ಇದನ್ನೇ ಯಾಕೆ ಬೆಳೆದರು ಅಂತ ಹುಡುಕಿದೆ. ಈಸ್ಟ್ ಇಂಡಿಯಾ ಕಂಪನಿ ಮುಂಗಡ ಕೊಟ್ಟು ಬಿತ್ತಿಸುತ್ತಿತ್ತು. ಬೆಲೆ ಗೊತ್ತು ಮಾಡುವುದೂ ಅದೇ, ಬೇರೆಯವರಿಗೆ ಮಾರುವಂತಿಲ್ಲ. ಮಾಲು ಕಲ್ಕತ್ತಾದಲ್ಲಿ ಹರಾಜಾಗುತ್ತಿತ್ತು. ಚೀನಾದಲ್ಲಿ ಅಫೀಮಿಗೆ ನಿಷೇಧ, ಹಾಗಾಗಿ ಖಾಸಗಿ ವ್ಯಾಪಾರಿಗಳು ಕದ್ದು ಸಾಗಿಸುತ್ತಿದ್ದರು. ಬಂದ ಬೆಳ್ಳಿಯಲ್ಲಿ ಬ್ರಿಟಿಷರು ಅಲ್ಲಿಂದಲೇ ಟೀ ಕೊಳ್ಳುತ್ತಿದ್ದರು. 1839ರಲ್ಲಿ ಚೀನಾದ ಅಧಿಕಾರಿ ಲಿನ್ ಜೆಶು 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮು ನಾಶ ಮಾಡಿಸಿದ, ಯುದ್ಧವೇ ಆಯಿತು. ಅದೆಲ್ಲ ಈ ಸರಣಿಯ ಮುಂದಿನ ಎರಡು ಕಾದಂಬರಿಗಳಲ್ಲಿ ಬರುತ್ತದೆ.

ಕೊನೆಗೆ ಮಾರಿಷಸ್‌ಗೆ ಹೊರಟ ದೀತಿ ಹತ್ತುವ 'ಐಬಿಸ್' ಹಡಗು ಹಿಂದೆ ಗುಲಾಮರನ್ನು ಸಾಗಿಸಿದ್ದು. ಹಡಗು ಕಲ್ಪನೆಯದು, ಆದರೆ ಅದು ತೋರಿಸುವ ನಂಟು ನಿಜ. ಗುಲಾಮಗಿರಿ ನಿಲ್ಲಿಸುವ ಬ್ರಿಟಿಷ್ ಕಾನೂನು ಬಂದಿದ್ದು 1833ರಲ್ಲಿ. ಕಬ್ಬಿನ ತೋಟಕ್ಕೆ ಆಳು ಬೇಕಲ್ವಾ? 1834ರ ನವೆಂಬರಿನಲ್ಲೇ 'ಅಟ್ಲಾಸ್' ಹಡಗು ಕರಾರಿನ ಮೇಲೆ 36 ಭಾರತೀಯ ಕೂಲಿಗಳನ್ನು ಮಾರಿಷಸ್‌ಗೆ ತಂದಿಳಿಸಿತು. ಆಮೇಲೆ ಸುಮಾರು 4.5 ಲಕ್ಷ ಜನ ಹೋದರು.

ಹಾಗಂತ ಕಾದಂಬರಿಯಲ್ಲಿ ಇರುವುದೆಲ್ಲ ನಡೆದಿದ್ದೇ ಅಂತ ಸುಮ್ನೆ ನಂಬಬೇಡಿ. ಪಾತ್ರಗಳು, ಮಾತುಗಳು ಲೇಖಕರದು. ಇಸವಿ, ಲೆಕ್ಕ ಬೇರೆ ಕಡೆ ನೋಡಿಕೊಳ್ಳಿ. ಆದರೆ ಒಳ್ಳೆಯ ಲೇಖಕರ ಹಿಂದೆ ದಾಖಲೆ ಇರುತ್ತದೆ. ದೀತಿ ಕಾರ್ಖಾನೆಯೊಳಗೆ ಹೋಗುವ ದೃಶ್ಯ ಇದೆ. ತೊಟ್ಟಿಯಲ್ಲಿ ಸೊಂಟದವರೆಗೆ ಅಫೀಮು, ಅದನ್ನು ತುಳಿಯುತ್ತಿರುವ ಮನುಷ್ಯರು. ಘೋಷ್ ಇದಕ್ಕೆ ಆಧಾರವಾಗಿಟ್ಟುಕೊಂಡಿದ್ದು ಗಾಜಿಪುರ ಕಾರ್ಖಾನೆಯ ಮೇಲ್ವಿಚಾರಕನೇ 1865ರಲ್ಲಿ ಬರೆದ ಪುಸ್ತಕವನ್ನು. ಅಧಿಕಾರಿಯ ಬರಹವನ್ನು ಕೆಲಸಗಾರನ ಹೆಂಡತಿಯ ಕಣ್ಣಿಂದ ತೋರಿಸಿದ್ದಾರೆ. ನನಗೆ ಅದೇ ಜಾಸ್ತಿ ಮುಖ್ಯ ಅನಿಸಿತು.

ಕನ್ನಡದಲ್ಲೇ ಶುರು ಮಾಡುವುದಾದರೆ ವಸುಧೇಂದ್ರ ಅವರ 'ತೇಜೋ-ತುಂಗಭದ್ರಾ' (2019) ಓದಿ. ಅದು ದೀತಿಯ ಕಾಲಕ್ಕಿಂತ ಇನ್ನೂ 300 ವರ್ಷ ಹಿಂದಿನ ಲಿಸ್ಬನ್, ಗೋವಾ, ವಿಜಯನಗರದ ಕಥೆ. ಓದುವಾಗ 1506ರಲ್ಲಿ ಯಹೂದಿ ಮೂಲದವರನ್ನು ಕೊಂದ ಲಿಸ್ಬನ್ ಹತ್ಯಾಕಾಂಡ, 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದಿದ್ದು, ಈ ಎರಡರ ಬಗ್ಗೆಯೂ ಜೊತೆಜೊತೆಗೆ ಓದಿಕೊಳ್ಳಿ.